ಅರಿಶಿನ ಚೀಲದ ಹಾಯಿ

ಹರಿಪುರದ ಸಂಗಮದ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಮಂಜಿನಲ್ಲಿ ಕೃಷ್ಣೆ ಯಾವುದು, ವಾರಣೆ ಯಾವುದು ತಿಳಿಯುವುದಿಲ್ಲ. ಎರಡು ನದಿಗಳು ಒಂದೇ ಕನಸನ್ನು ಹಂಚಿಕೊಂಡು ಮಲಗಿದಂತಿವೆ. ಘಾಟಿನ ಕೆಳಗಿನ ಮೆಟ್ಟಿಲ ಮೇಲೆ ಪಾರಿಸ ಕಾಕಾ ಕಾಲು ಚಾಚಿ ಕೂತು, ತೊಡೆಯ ಮೇಲೆ ಗೋಣಿಬಟ್ಟೆ ಹರಡಿಕೊಂಡು ಹೊಲಿಯುತ್ತಿದ್ದಾರೆ. ದಬ್ಬಣ ಬಟ್ಟೆಯೊಳಗೆ ಇಳಿಯುವಾಗ ಸದ್ದಿಲ್ಲ. ಹಿಂದೆ ಸುತಳಿ ಎಳೆದುಕೊಂಡು ಬರುವಾಗ ಮಾತ್ರ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತಾಗುತ್ತದೆ. ಪ್ರತಿ ಎಳೆತಕ್ಕೂ ಬಟ್ಟೆಯಿಂದ ಒಂದಿಷ್ಟು ಹಳದಿ ಧೂಳು ಎದ್ದು ಮಂಜಿನಲ್ಲಿ ಸೇರುತ್ತದೆ. ಹಾಗಾಗಿ ಘಾಟಿನ ಈ ಒಂದು ಮೂಲೆಯಲ್ಲಿ ಸೂರ್ಯ ಸ್ವಲ್ಪ ಬೇಗ ಹುಟ್ಟುತ್ತಾನೆ.

ಹೊಲಿಯುತ್ತಿರುವುದು ಹಡಗಿನ ಹಾಯಿ. ಐದು ಶತಮಾನಗಳ ಹಿಂದೆ ಪೋರ್ಚುಗಲ್ಲಿನಿಂದ ಹೊರಟು ಆಫ್ರಿಕವನ್ನು ಸುತ್ತಿ ಕಲ್ಲಿಕೋಟೆಗೆ ಬಂದ ಹಡಗು ಇನ್ನು ಸ್ವಲ್ಪ ಹೊತ್ತಿಗೆ ಮಿರಜದಿಂದ ಬಾಡಿಗೆ ಜೀಪಿನಲ್ಲಿ ಬರಲಿದೆ. ಬರುತ್ತದೆ ಕೂಡ. ಜೀಪಿನ ಹಿಂದಿನ ಬಾಗಿಲು ತೆರೆದದ್ದೇ ಸ್ವೆಟರು, ಕಿವಿಟೊಪ್ಪಿಗೆ ಹಾಕಿಕೊಂಡ ಮಕ್ಕಳು ಒಬ್ಬರ ಮೇಲೊಬ್ಬರು ಉರುಳುತ್ತಾರೆ. ಮಿರಜದ ಒಂದು ಕನ್ನಡ ಶಾಲೆಯ ಐದನೆಯ, ಆರನೆಯ ಇಯತ್ತೆಯವರು. ಎರಡು ಬಿದಿರುಗಳ ನಡುವೆ ಹಾಯಿ ಏರುತ್ತದೆ. ಘಾಟಿನ ಮೆಟ್ಟಿಲುಗಳೇ ತೆರೆಗಳು. ತಾಳಕ್ಕೆ ಸರಿಯಾಗಿ ಮಕ್ಕಳು ಎರಡು ಮೆಟ್ಟಿಲು ಏರುತ್ತಾರೆ, ಒಂದು ಇಳಿಯುತ್ತಾರೆ. ದೂರದಿಂದ ನೋಡಿದರೆ ಹಾಯಿಯೊಂದು ತಾನೇ ತಾನಾಗಿ ಮಂಜಿನ ಮೇಲೆ ತೂಗಾಡುತ್ತ ಬರುತ್ತಿದೆ.

"ಸಂಮೇದಾ, ನೀ ವಾಸ್ಕೋ ಅದಿ. ವಾಸ್ಕೋ ಹಿಂಗ ಸೀನಕೋತ ಬರೂದಿಲ್ಲ."

"ಕಾಕಾ, ಅರಿಷಿಣ ಮೂಗಿನ್ಯಾಗ ಹೋಗೇತ್ರಿ."

"ಹೋಗವಲ್ದ್ಯಾಕ. ಆ ಮನುಷ್ಯಾ ಮಸಾಲಿ ಹುಡಕಾಕ ಬಂದಾಂವ. ಅವಗ ಖುಷಿ ಆಗಬೇಕು."

ಪಾರಿಸ ಕಾಕಾ ಕಲಾವಿದರಲ್ಲ, ಮಾಸ್ತರರೂ ಅಲ್ಲ. ಸಾಂಗಲಿ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಚೀಲದ ಬಾಯಿ ಹೊಲಿಯುವವರು. ಲಿಲಾವು, ಅಂದರೆ ಹರಾಜು, ಮುಗಿದು, ತೂಕವಾಗಿ, ಚೀಲಗಳು ಸಾಲಾಗಿ ನಿಂತಮೇಲೆ ಇವರ ಸರದಿ. ಹಂಗಾಮಿನಲ್ಲಿ ದಿನಕ್ಕೆ ನೂರೈವತ್ತು ಚೀಲವಾದರೂ ಇವರ ಕೈ ದಾಟಿ ಹೋಗುತ್ತವೆ. ಈಗ ಹೆಚ್ಚಿನ ಅಂಗಡಿಗಳಲ್ಲಿ ಹೊಲಿಯುವ ಮಷೀನು ಬಂದಿದೆ. ಮಷೀನು ಕೆಟ್ಟ ದಿನ, ಕರೆಂಟು ಹೋದ ದಿನ, ಚೀಲ ಹರಿದ ದಿನ ಪಾರಿಸ ಕಾಕಾನ ನೆನಪಾಗುತ್ತದೆ. ಅರವತ್ತು ದಾಟಿದ ಮೈ. ಎದೆಯೊಳಗೆ ವರ್ಷಗಳ ಅರಿಶಿನದ ಧೂಳು ಕೂತು ಒಣಕೆಮ್ಮು ಬಿಡುವುದಿಲ್ಲ. ಬೆರಳ ತುದಿಗಳು ಎಷ್ಟು ತಿಕ್ಕಿದರೂ ಹಳದಿ. "ನನಗ ದಿನಾ ಮದವಿ ರೀ," ಎಂದು ಕೈ ತೋರಿಸುತ್ತಾರೆ.

ಹೆಸರಿನ ವಿಷಯವನ್ನು ಅವರು ತಾವಾಗಿಯೇ ಎತ್ತುತ್ತಾರೆ. ಜೈನ ಮನೆತನ, ಪಾರ್ಶ್ವನಾಥನ ಹೆಸರು ಬಾಯಲ್ಲಿ ಸವೆದು ಪಾರಿಸ ಆಗಿದೆ. ಈ ಭಾಗದಲ್ಲಿ ಹೀಗೆ ಕರೆಸಿಕೊಳ್ಳುವವರು ಇನ್ನೂ ಇದ್ದಾರೆ. ಆದರೆ ಶಾಲೆಯ ಗೋಡೆಯ ನಕಾಶೆಯಲ್ಲಿ ಯುರೋಪಿನ ನಟ್ಟನಡುವೆ ಈ ಹೆಸರನ್ನು ಕಂಡ ಮಕ್ಕಳು ಓಡಿಬಂದು, "ಕಾಕಾ, ನಿಮ್ಮೂರು ಫ್ರಾನ್ಸದಾಗ ಐತಿ" ಎಂದು ವರದಿ ಒಪ್ಪಿಸಿದ್ದವು.

"ನಾ ಇನ್ನೂ ಸೋಲಾಪುರ ಸುದ್ದಾ ನೋಡಿಲ್ಲ," ಎನ್ನುತ್ತಾರೆ ಪಾರಿಸ ಕಾಕಾ. "ನನ್ನ ಹೆಸರು ನೋಡ್ರಿ, ನನ್ನ ಬಿಟ್ಟು ಎಷ್ಟ ಮುಂದ ಹೋಗಿ ಕುಂತೈತಿ."

ಅವರನ್ನು ಶಾಲೆಗೆ ಮೊದಲು ಕರೆದದ್ದು ಹರಿದ ಪಡದೆ ಹೊಲಿಯಲಿಕ್ಕೆ. ಹರೆಯದಲ್ಲಿ ಸಾಂಗಲಿಗೆ ಬರುವ ನಾಟಕ ಮಂಡಳಿಗಳ ಪಡದೆ ಹೊಲಿದುಕೊಟ್ಟು, ರಂಗದ ಪಕ್ಕದ ಮರೆಯಲ್ಲಿ ನಿಂತು ಸಂಗೀತ ನಾಟಕ ನೋಡಿದವರು. ಹಾಡು ಕಲಿತದ್ದು ಅಷ್ಟರಲ್ಲೇ. ಹಾರ್ಮೋನಿಯಂ ಪೇಟಿಯ ಮೇಲೆ ಬೆರಳಾಡಿಸಲು ಬರುತ್ತದೆ, ಬರೆದ ಸ್ವರ ಓದಲು ಬರುವುದಿಲ್ಲ. ಅಂದು ಶಾಲೆಯ ವರಾಂಡದಲ್ಲಿ ಪಡದೆ ಹಾಸಿಕೊಂಡು ಕೂತಾಗ ಪಕ್ಕದ ವರ್ಗದಿಂದ ಇತಿಹಾಸದ ಪಾಠ ಕೇಳಿಬರುತ್ತಿತ್ತು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದವು: ವಾಸ್ಕೋ ಡ ಗಾಮಾ ಭಾರತಕ್ಕೆ ಜಲಮಾರ್ಗ ಕಂಡುಹಿಡಿದನು.

"ನನಗ ಇತಿಹಾಸ ಕೇಳಿಸಲೇ ಇಲ್ರಿ. ಗಾ ಮಾ, ಗಾ ಮಾ ಅಂತ ಸ್ವರ ಕೇಳಸ್ತು. ಎಂಥಾ ಮನುಷ್ಯಾ ಇರಬೇಕು, ಹೆಸರಿನ್ಯಾಗ ಎರಡು ಸ್ವರ ಕಟಕೊಂಡು ಸಮುದ್ರಕ್ಕ ಇಳದಾನ."

ಪಡದೆ ಹೊಲಿಯುವುದು ಮುಗಿಯುವಷ್ಟರಲ್ಲಿ ಆ ವಾಕ್ಯಕ್ಕೊಂದು ಧಾಟಿ ಸಿಕ್ಕಿತ್ತು. ಗಾಂಧಾರದಿಂದ ಮಧ್ಯಮಕ್ಕೆ ಹೋಗಿ ಬಂದು, ಹೋಗಿ ಬಂದು, ದಡಕ್ಕೆ ಹೊಡೆಯುವ ನೀರಿನಂತೆ ಇರುವ ಸಣ್ಣ ಧಾಟಿ. ಇತಿಹಾಸ ಕಲಿಸುವ ಅಮೋಘಸಿದ್ಧ ಸರ್, ಜತ್ತ ಕಡೆಯ ಹಳ್ಳಿಯವರು, ಅದನ್ನು ಕೇಳಿ ಪಡದೆಯವನನ್ನು ವರ್ಗದೊಳಗೇ ಕರೆದುಕೊಂಡುಹೋದರು. ಆಮೇಲೆ ಒಂದೊಂದೇ ಹಾಡು ಬೆಳೆಯಿತು. ಸರ್ ಕತೆ ಹೇಳುವುದು, ಕಾಕಾ ಹಾಡು ಕಟ್ಟುವುದು. ಬಿರುಗಾಳಿಯ ಭೂಶಿರದ ಹಾಡು. ಸಿಹಿನೀರು ಮುಗಿದ ಹಾಡು. ಕಲ್ಲಿಕೋಟೆಯ ಅರಸನಿಗೆ ವಾಸ್ಕೋ ತಂದ ಕಾಣಿಕೆಯ ಹಾಡು: ಒಂದಿಷ್ಟು ಬಟ್ಟೆ, ಒಂದಿಷ್ಟು ಟೊಪ್ಪಿಗೆ, ಕೈ ತೊಳೆಯುವ ಗಂಗಾಳ, ಸಕ್ಕರೆ, ಜೇನುತುಪ್ಪ. ಅರಸನ ಕಡೆಯವರು ಅದನ್ನು ಕಂಡು ನಕ್ಕರೆಂಬುದು ಇತಿಹಾಸದಲ್ಲೂ ಇದೆ, ಆದರೆ ಅರ್ಧಕ್ಕರ್ಧ ವ್ಯಾಪಾರಸ್ಥರ ಮನೆಯ ಮಕ್ಕಳೇ ತುಂಬಿದ ಈ ಶಾಲೆಯಲ್ಲಿ ಆ ನಗುವನ್ನು ಯಾರೂ ಕಲಿಸಬೇಕಾಗಿ ಬರಲಿಲ್ಲ. "ಗಂಗಾಳ ಕೊಟ್ಟು ಮಸಾಲಿ ಕೇಳತಾನ," ಎಂದು ಅರಸನ ವೇಷದ ಹುಡುಗ ಅಪ್ಪನ ಅಂಗಡಿಯ ದನಿಯಲ್ಲೇ ಹೇಳುತ್ತಾನೆ.

ಇಡೀ ನಾಟಕದಲ್ಲಿ ಹೀಗೆ ಮಾತಾಡುವ ಜಾಗ ಅದೊಂದೇ. ಉಳಿದದ್ದೆಲ್ಲ ಹಾಡು. ಏಕೆಂದು ಕೇಳಿದರೆ ಕಾಕಾ ಮಕ್ಕಳ ಕಡೆ ಕೈ ಮಾಡುತ್ತಾರೆ. ಈ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುತ್ತದೆ, ಅಜ್ಜಿ ಬೈದರೆ ಪೂರಾ ಅರ್ಥವಾಗುತ್ತದೆ. ಆದರೆ ಬಾಯಿ ತೆರೆದರೆ ಮರಾಠಿ ಬರುತ್ತದೆ. ಓಣಿಯಲ್ಲಿ ಮರಾಠಿ, ಆಟದಲ್ಲಿ ಮರಾಠಿ. ಕನ್ನಡದಲ್ಲಿ ಒಂದು ಮಾತು ಆಡುವಷ್ಟರಲ್ಲಿ ಮೂರು ಸಲ ತಡವರಿಸುತ್ತವೆ.

"ಹಾಡಿನ್ಯಾಗ ತಡವರಸೂದಿಲ್ರಿ. ತಾಳ ಮುಂದ ಎಳಕೊಂಡು ಹೋಗತೈತಿ. ಹಾಯಿ ಇದ್ದಂಗ. ಹುಟ್ಟು ಹಾಕಾಕ ಬರದವ್ರೂ ದಂಡಿ ಮುಟ್ಟತಾರ."

ಮನೆಯಲ್ಲಿ ಈ ಹಡಗಿನ ಬಗ್ಗೆ ಒಮ್ಮತವಿಲ್ಲ. ಹೆಂಡತಿ ಚಂದ್ರಾಬಾಯಿ ಘಾಟಿಗೆ ಚಹದ ಕಿಟ್ಲಿ ತಂದು ಮಕ್ಕಳಿಗೆ ಹಾಕಿಕೊಡುತ್ತ, ಹಾಯಿಯನ್ನು ಕಣ್ಣಳತೆಯಲ್ಲಿ ಅಳೆಯುತ್ತಾರೆ. "ಮನ್ಯಾಗ ಕೌದಿ ಹರದು ಆರ ತಿಂಗಳಾತು. ಅದಕ್ಕ ದಬ್ಬಣ ಸಿಗೂದಿಲ್ಲ. ಪೋರ್ತುಗೀಜರಿಗೆ ಮಾತ್ರ ಬರೋಬ್ಬರಿ ಹೊಲದು ಕೊಡತಾರ." ಮಹಾಪೂರದ ವರ್ಷ ಮನೆಯೊಳಗೆ ಎದೆಮಟ ನೀರು ಬಂದಾಗ, ಒಳಗೆ ಗೋಡೆಗೆ ಕಟ್ಟಿಟ್ಟಿದ್ದ ಮೊದಲ ಹಡಗು, ಬಿದಿರಿನದು, ಬಣ್ಣ ಬಳಿದದ್ದು, ಸಡಿಲಗೊಂಡು ಕಿಟಕಿಯಿಂದ ಹೊರಬಿದ್ದು ಕೃಷ್ಣೆಯ ಪಾಲಾಗಿತ್ತು. ಚಂದ್ರಾಬಾಯಿ ಅದನ್ನು ನೆನೆದರೆ ಇಂದಿಗೂ ನಗುತ್ತಾರೆ: "ನಾವು ಮಾಳಗಿ ಮ್ಯಾಲೆ ಕುಂತು ಅಳಾಕತ್ತೀವಿ. ಇವರು ಕೈ ಮಾಡಿ ತೋರಸ್ತಾರ, ‘ಅಗಾ ಅಗಾ, ಹೊಂಟೈತಿ ನೋಡು, ಚಲೋ ತೇಲತೈತಿ.’"

ಈ ನಾಟಕದ ಜೀವ ಇರುವುದು ಒಂದು ತಪ್ಪಿನಲ್ಲಿ. ತಪ್ಪು ಮಾಡಿದವಳು ಪ್ರಣಾಲಿ, ಐದನೆಯ ಇಯತ್ತೆ, ಎದುರಿನ ಹಲ್ಲು ಬಿದ್ದು ಹೊಸದು ಅರ್ಧ ಬಂದಿರುವ ಹುಡುಗಿ. ಹೋದ ವರ್ಷ ನಾಟಕಕ್ಕೆ ಹೊಸದಾಗಿ ಸೇರಿ ಮೊದಲ ಹಾಡು ಕಲಿಯುವಾಗ ಅವಳು ಪದದ ನಡುವೆ ಉಸಿರು ತೆಗೆದುಕೊಂಡಳು. ‘ಕಂಡು’ ಎಂದು ನಿಂತಳು. ಉಸಿರೆಳೆದಳು. ‘ಹಿಡಿದಾ’ ಎಂದಳು.

ಕಾಕಾ ತಿದ್ದಿದರು. "ಕಂಡುಹಿಡಿದ. ಒಂದ ಮಾತು ಅದು. ನಡುವ ನಿಂದರಬ್ಯಾಡ."

ಅವಳಿಗೆ ಅದು ಒಂದು ಮಾತು ಎಂದೇ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ‘ಕಂಡೆ’ ಎನ್ನುತ್ತಾಳೆ, ‘ಹಿಡಿ’ ಎನ್ನುತ್ತಾಳೆ. ‘ಕಂಡುಹಿಡಿ’ ಎಂದು ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಅವಳು ಸಹಜವಾಗಿಯೇ ಕೇಳಿದಳು: "ಕಾಕಾ, ಕಂಡ. ಮಗ ಯಾರ್ನ ಹಿಡಿದ?"

ಆ ‘ಮಗ’ ಮರಾಠಿಯದು. ‘ಆಮೇಲೆ’ ಎಂದರ್ಥ.

ಕಾಕಾ ಆ ಪ್ರಶ್ನೆಯನ್ನು ಅಮೋಘಸಿದ್ಧ ಸರ್‌ಗೆ ಒಪ್ಪಿಸಿದರು. ಅವರು ಮನೆಗೆ ಹೋಗಿ ಪುಸ್ತಕಗಳನ್ನು ತೆಗೆದು ನೋಡಿ, ಮರುದಿನ ಬಂದು ಹೇಳಿದರು: ಹಿಡಿದದ್ದು ಹೌದು. ಕಲ್ಲಿಕೋಟೆಯವರೊಂದಿಗೆ ಜಗಳವಾಗಿ ಹೊರಟಾಗ ವಾಸ್ಕೋ ದಡದ ಕೆಲವರನ್ನು ಹಡಗಿನಲ್ಲೇ ಇರಿಸಿಕೊಂಡು ಹೊರಟ. ಅವರಲ್ಲಿ ಮೀನುಗಾರರೂ ಇದ್ದರೆಂದು ಹೇಳುವವರಿದ್ದಾರೆ. ಹೆಸರು ಯಾರೂ ಬರೆದಿಟ್ಟಿಲ್ಲ.

ಅಂದಿನಿಂದ ನಾಟಕಕ್ಕೆ ಕೊನೆಯ ದೃಶ್ಯ ಬಂದಿದೆ. ಹಡಗು ಬಂದಾಗ ನಾವಿಕರು ಕುಣಿಯುತ್ತ ‘ದಾರಿ ಕಂಡುಹಿಡಿದೆವು’ ಎಂದು ಹಾಡುತ್ತಾರೆ. ಹೋಗುವಾಗ ಅದೇ ಧಾಟಿ, ಅದೇ ಕುಣಿತ. ದಡದಲ್ಲಿ ಬಲೆ ಬಿಡಿಸುತ್ತ ಕೂತ ಒಬ್ಬ ಮೀನುಗಾರನನ್ನು ನೋಡುತ್ತಾರೆ. ‘ಕಂಡು’ ಎಂದು ನಿಲ್ಲುತ್ತಾರೆ. ಒಂದು ಉಸಿರು. ‘ಹಿಡಿದೆವು.’ ಮೀನುಗಾರ ಪ್ರಣಾಲಿಯೇ.

ಆ ಒಂದು ಉಸಿರಿನ ನಿಲುಗಡೆ ಈಗ ಅಪಾಯದಲ್ಲಿದೆ. ನಿನ್ನೆ ಸಂಜೆ ಮುಖ್ಯಾಧ್ಯಾಪಕಿ ಸುಮನಬಾಯಿ ಕಾಕಾನನ್ನು ಕರೆಸಿ ಸುದ್ದಿ ಕೊಟ್ಟರು. ಸಾಂಗಲಿಯ ನಾಟ್ಯಗೃಹದಲ್ಲಿ ಮುಂದಿನ ರವಿವಾರ ಶಾಲೆಗಳ ಸಂಗೀತ ಬಾಲನಾಟ್ಯ ಸ್ಪರ್ಧೆ. ಈ ಶಾಲೆಗೆ ಮೊದಲ ಸಲ ಕರೆ ಬಂದಿದೆ. ನಿಜವಾದ ರಂಗ, ನಿಜವಾದ ಪಡದೆ, ಮೇಲಿನಿಂದ ಬೀಳುವ ದೀಪಗಳು. ಆದರೆ ಸ್ಪರ್ಧೆ ಮರಾಠಿಯದು. ಹಾಡುಗಳನ್ನು ಮರಾಠಿಗೆ ಮಾಡಿಕೊಂಡರೆ ಮಾತ್ರ ಹಡಗು ಅಲ್ಲಿಗೆ ಹೋಗುತ್ತದೆ.

ಸುಮನಬಾಯಿ ಒತ್ತಾಯ ಮಾಡುವವರಲ್ಲ. ಅವರದೂ ಕನ್ನಡದ ಮನೆ. "ಪಾರಿಸಣ್ಣಾ, ನಮ್ಮ ಹುಡುಗೂರು ಎಂದೂ ಆ ಸ್ಟೇಜ್ ಮ್ಯಾಲೆ ನಿಂತಿಲ್ಲ. ಭಾಷಾ ನೋಡಕೋತ ಕುಂತ್ರ ಮುಂದೂ ನಿಂದರೂದಿಲ್ಲ. ನೀವು ಬ್ಯಾಡ ಅಂದ್ರ ನಾ ಬ್ಯಾಡಂತ ತಿಳಸ್ತೀನಿ. ಹುಡುಗೂರ ಮಾರಿ ನೋಡಿ ಹೇಳ್ರಿ."

ಮಕ್ಕಳ ಮುಖ ನೋಡುವುದೇ ಕಷ್ಟ. ಅವಕ್ಕೆ ಸುದ್ದಿ ಆಗಲೇ ಮುಟ್ಟಿದೆ. ಸಂಮೇದ ನಿನ್ನೆ ರಾತ್ರಿಯಿಂದ ಮನೆಯ ಪಲಂಗವನ್ನೇ ರಂಗ ಮಾಡಿಕೊಂಡು ನಡೆಯುತ್ತಿದ್ದಾನಂತೆ. ಉಳಿದ ಹಾಡುಗಳನ್ನು ಕಾಕಾ ರಾತ್ರಿಯೇ ಮರಾಠಿಗೆ ತಿರುಗಿಸಿ ಮುಗಿಸಿದ್ದಾರೆ. ಅವರಿಗೆ ಅದೇನು ಪರಭಾಷೆಯಲ್ಲ. ಆ ಒಂದು ಸಾಲಿಗೆ ಬಂದು ನಿಂತಿದ್ದಾರೆ. ಮರಾಠಿಯಲ್ಲಿ ಕಂಡುಹಿಡಿಯುವುದಕ್ಕೆ ‘ಶೋಧ ಲಾವಲಾ’, ಶೋಧ ಹಚ್ಚಿದ, ಎನ್ನಬೇಕು. ಅದನ್ನು ಎಲ್ಲಿ ಮುರಿದರೂ ಒಳಗಿನಿಂದ ಯಾರೂ ಯಾರನ್ನೂ ಹಿಡಿಯುವುದಿಲ್ಲ.

"ಶೋಧ ಅಂತ ನಿಂತು ಲಾವಲಾ ಅಂದ್ರ ಏನ ಆತು? ದೀಪಾ ಹಚ್ಚಿದಂಗ ಆತು," ಎನ್ನುತ್ತ ಕಾಕಾ ಕೆಮ್ಮುತ್ತಾರೆ. "ಕೊನೀ ದೃಶ್ಯ ತಗದು ಬಿಡೂದು. ಹಡಗ ಬಂತು, ಕುಣದ್ರು, ಪಡದೆ ಬಿತ್ತು. ಹುಡುಗೂರಿಗೆ ಸ್ಟೇಜ್ ಸಿಕ್ಕಂಗ ಆಗತೈತಿ." ಹೇಳಿ ಮುಗಿಸಿ ದಬ್ಬಣವನ್ನು ಇಳಿಸಿಕೊಂಡ ಹಾಯಿಗೆ ಚುಚ್ಚಿ ಹಾಗೇ ಬಿಡುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಕೈ ಸುಮ್ಮನಿದೆ.

ಮಕ್ಕಳು ಮೆಟ್ಟಿಲುಗಳ ಮೇಲೆ ಚದುರಿ ಕೂತು ಚಹ ಹೀರುತ್ತಿವೆ. ಮಂಜು ತೆಳುವಾಗಿ ಎರಡು ನೀರುಗಳ ಬಣ್ಣ ಬೇರೆಬೇರೆಯಾಗಿ ಕಾಣತೊಡಗಿದೆ. ಪ್ರಣಾಲಿ ಬಿಸ್ಕೀಟನ್ನು ಚಹದಲ್ಲಿ ಅದ್ದಿ, ಮುರಿದು ಒಳಗೆ ಬಿದ್ದ ಚೂರನ್ನು ಬೆರಳಿನಿಂದ ಹುಡುಕುತ್ತಿದ್ದಾಳೆ. ಸಿಗುತ್ತದೆ. "ಸಾಪಡಲಾ," ಎನ್ನುತ್ತಾಳೆ, ತನ್ನಷ್ಟಕ್ಕೇ.

ಆಮೇಲೆ ಬೆರಳು ಬಟ್ಟಲಿನಲ್ಲೇ ಬಿಟ್ಟು ತಲೆ ಎತ್ತುತ್ತಾಳೆ. "ಕಾಕಾ. ಸಾಪಡಲಾ."

"ಏನ ಸಾಪಡಲಾ?"

"ರಸ್ತಾ ಸಾಪಡಲಾ. ಚೋರ ಬೀ ಸಾಪಡಲಾ ಅಂತಾರಲ್ರಿ."

ಕನ್ನಡದ ‘ಸಿಕ್ಕ’ ಇದ್ದ ಹಾಗೆ. ಹುಡುಕಿದ ದಾರಿಯೂ ಸಾಪಡತದೆ, ಓಡುವ ಕಳ್ಳನೂ ಸಾಪಡತಾನೆ. ಬಲೆಯಲ್ಲಿ ಮೀನೂ ಸಾಪಡತದೆ. ಕಾಕಾ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ, ಗಾ ಮಾದ ಮೇಲೆ ಕೂರಿಸಿ ನೋಡುತ್ತಾರೆ. ಕೂರುತ್ತದೆ. ನಿಲ್ಲುವ ಜಾಗ ಇಲ್ಲ, ಉಸಿರು ತೆಗೆಯುವ ಜಾಗ ಇಲ್ಲ. ಒಂದೇ ಶಬ್ದ ಸಂತೋಷದಲ್ಲಿ ಒಳಗೆ ಹೋಗಿ ಸೆರೆಯಾಗಿ ಹೊರಗೆ ಬರುತ್ತದೆ.

"ನಮ್ಮ ಕನ್ನಡ ಎರಡು ಉಸುರಿನ್ಯಾಗ ಹೇಳತಿತ್ತು," ಎನ್ನುತ್ತಾರೆ ನಿಧಾನವಾಗಿ. "ಇದು ಉಸುರ ತಗೊಳ್ಳಾಕ ಬಿಡೂದಿಲ್ಲ." ಅವರ ದನಿಯಲ್ಲಿ ಗೆದ್ದ ಸಂತೋಷವಿಲ್ಲ. ಕಳೆದುಕೊಂಡದ್ದನ್ನು ಇನ್ನೂ ತೂಗುತ್ತಿದ್ದಾರೆ. ಆದರೂ ಹೇಳುತ್ತಾರೆ: "ಬರ್ರಿ, ಹಾಡೂಣು."

ಹಾಡುವುದು ಅಷ್ಟು ಸುಲಭವಾಗುವುದಿಲ್ಲ. ಮೀನುಗಾರನಿಗೆ ಮರಾಠಿಯಲ್ಲಿ ‘ಕೋಳಿ’. ‘ಕೋಳಿ ಸಾಪಡಲಾ’ ಎಂಬಲ್ಲಿಗೆ ಬಂದದ್ದೇ ಹಿಂದಿನ ಸಾಲಿನ ಚಿಕ್ಕ ನಾವಿಕನೊಬ್ಬ ರೆಕ್ಕೆ ಬಡಿದು ಕೂಗುತ್ತಾನೆ. ಇಡೀ ಹಡಗು ನಕ್ಕು ಕುಸಿಯುತ್ತದೆ. ಮನೆಯಲ್ಲಿ ಕನ್ನಡ ಕೇಳದ ಮಕ್ಕಳಿಗೆ ಈ ನಗು ಬರುತ್ತಲೇ ಇರಲಿಲ್ಲ. ಕಾಕಾ ಗದರಿಸಲು ಹೋಗಿ ತಾವೇ ನಗುತ್ತಾರೆ. ಪ್ರಣಾಲಿ ಮಾತ್ರ ಬಲೆ ಹಿಡಿದು ಸಿಟ್ಟಿನಿಂದ ನಿಂತಿದ್ದಾಳೆ. "ನಾ ಕೋಂಬಡಿ ಅಲ್ಲ," ಎನ್ನುತ್ತಾಳೆ, ಹಕ್ಕಿಯ ಮರಾಠಿ ಹೆಸರಿನಲ್ಲಿ. ಚಂದ್ರಾಬಾಯಿ ಕಿಟ್ಲಿ ಎತ್ತಿಕೊಳ್ಳುತ್ತ, "ಅಲ್ಲಿ ನಕ್ಕೀರಂದ್ರ ಅರ್ಧಾ ಮಂದಿಗೆ ನೀವ್ಯಾಕ ನಗತೀರಿ ಅನ್ನೂದ ತಿಳಿಯೂದಿಲ್ಲ," ಎನ್ನುತ್ತಾರೆ. ಅದು ನಿಜವಾದ ಭಯವೇ. ಆ ಜಾಗದಲ್ಲಿ ಮಕ್ಕಳು ನಕ್ಕರೆ ಹಿಡಿದದ್ದೂ ಆಟವಾಗುತ್ತದೆ, ದೃಶ್ಯ ಇದ್ದೂ ಇಲ್ಲದಂತೆ. ವಾರವಿಡೀ ಶಾಲೆ ಬಿಟ್ಟ ಮೇಲೆ, ನಗು ಸವೆಯುವ ತನಕ, ಕಾಕಾ ಅದೊಂದೇ ಸಾಲನ್ನು ಹಾಡಿಸುತ್ತಾರೆ.

ರವಿವಾರ ಮಧ್ಯಾಹ್ನ ನಾಟ್ಯಗೃಹದ ಒಳಗೆ ಹೊರಗಿನ ಬಿಸಿಲು ಎಂದೋ ನಡೆದ ಸಂಗತಿಯಂತಿದೆ. ಕೆಂಪು ಪಡದೆ ಸರಿಯುತ್ತದೆ. ನೀಲಿ ದೀಪದಲ್ಲಿ ಅರಿಶಿನ ಚೀಲದ ಹಾಯಿ ಹಸಿರಾಗಿ ಕಾಣುತ್ತದೆ. ಅದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಮುಂದಿನ ಸಾಲಿನವರೊಬ್ಬರು ಸೀನುತ್ತಾರೆ. ಕಾಕಾ ರಂಗದ ಪಕ್ಕದ ಮರೆಯಲ್ಲಿ ನಿಂತು ಹಾಯಿಯ ಹಗ್ಗ ಹಿಡಿದಿದ್ದಾರೆ. ಸಭೆಗೆ ಅವರ ಒಂದು ಮೊಣಕೈ ಮಾತ್ರ ಕಾಣುತ್ತಿದೆ.

ಗಂಗಾಳದ ಕಾಣಿಕೆಗೆ ಸಭೆ ಬಿದ್ದು ನಗುತ್ತದೆ. ‘ರಸ್ತಾ ಸಾಪಡಲಾ, ರಸ್ತಾ ಸಾಪಡಲಾ’ ಎಂದು ನಾವಿಕರು ಕುಣಿಯತೊಡಗಿದಾಗ ಹಿಂದಿನ ಸಾಲುಗಳು ತಾಳಕ್ಕೆ ಚಪ್ಪಾಳೆ ಹಾಕುತ್ತವೆ. ಗಾ ಮಾ, ಗಾ ಮಾ. ಚಪ್ಪಾಳೆ ಮುಂದಿನ ಸಾಲುಗಳಿಗೂ ಹಬ್ಬುತ್ತದೆ. ಪರೀಕ್ಷಕರ ಮೇಜಿನ ಕೆಳಗೂ ಒಂದು ಪಾದ ಕುಣಿಯುತ್ತಿದೆ. ಹಡಗು ತಿರುಗಿ ಹೊರಡುತ್ತದೆ. ದಡದಲ್ಲಿ ಪ್ರಣಾಲಿ ಬಲೆ ಬಿಡಿಸುತ್ತ ಕೂತಿದ್ದಾಳೆ. ನಾವಿಕರು ಅದೇ ಕುಣಿತದಲ್ಲಿ ಇಳಿದು ಬಂದು, ಅದೇ ನಗುಮುಖದಲ್ಲಿ ಅವಳನ್ನು ಸುತ್ತುತ್ತಾರೆ. ‘ಕೋಳಿ ಸಾಪಡಲಾ, ಕೋಳಿ ಸಾಪಡಲಾ.’ ಯಾವ ಮಗುವೂ ನಗುವುದಿಲ್ಲ. ಸಭೆಯ ಚಪ್ಪಾಳೆ ಇನ್ನೂ ತಾಳದಲ್ಲಿದೆ. ಬಲೆ ಅವಳ ತಲೆಯ ಮೇಲಿಂದ ಇಳಿಯುತ್ತದೆ. ಒಂದು ಸಾಲಿನಲ್ಲಿ ಚಪ್ಪಾಳೆ ನಿಲ್ಲುತ್ತದೆ. ಇನ್ನೊಂದರಲ್ಲಿ. ಗ್ಯಾಲರಿಯಲ್ಲಿ ಯಾರದೋ ಎರಡು ಕೈಗಳು ಒಂಟಿಯಾಗಿ ಎರಡು ಸಲ ಬಡಿದು, ತಾವು ಒಂಟಿಯೆಂದು ತಿಳಿದು ಸುಮ್ಮನಾಗುತ್ತವೆ. ಹಡಗು ಹಾಡುತ್ತಲೇ ಹೋಗುತ್ತದೆ. ಹಾಡು ಕೇಳಿಸದಷ್ಟು ದೂರವಾಗುತ್ತದೆ.

ಬಹುಮಾನ ಓದುವಾಗ ಶಾಲೆಯ ಹೆಸರು ಬರುವುದಿಲ್ಲ. ಸಂಮೇದ ಮೀಸೆ ಅಳಿಸಿಹೋಗುವಂತೆ ಅಳುತ್ತಾನೆ. ಸುಮನಬಾಯಿ ಅವನ ಮುಖ ಒರೆಸುತ್ತ, ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾರೆ. ಪಾರಿಸ ಕಾಕಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹಾಯಿ ಮಡಚುತ್ತಿದ್ದಾರೆ. ನಾಳೆ ಬೆಳಿಗ್ಗೆ ಯಾರ್ಡಿನಲ್ಲಿ ಲಿಲಾವು ಇದೆ. ಬೇಸರವಾಯಿತೇ ಎಂದು ಕೇಳಿದರೆ ಹಳದಿ ಬೆರಳುಗಳಿಂದ ಮಡಿಕೆಯನ್ನು ಒತ್ತಿ ಸರಿಮಾಡುತ್ತಾರೆ.

"ಪಡದೆ ಹಿಂದ ನಿಂತು ಚಪ್ಪಾಳಿ ಭಾಳ ಕೇಳೇನ್ರಿ, ಸಣ್ಣಾಂವ ಇದ್ದಾಗಿಂದ," ಎನ್ನುತ್ತಾರೆ. "ಚಪ್ಪಾಳಿ ನಿಂತದ್ದು ಇವತ್ತ ಕೇಳಿದ್ನಿ."